ಹೇರು ಗಾಡಿಗೆ ದಾರಿ ಬಿಡಿ

ನಮ್ಮ ಕಡೆ ಹೊಲದ ಓಣಿಯಲ್ಲಿ ಎರಡು ಎತ್ತಿನ ಗಾಡಿ ಎದುರುಬದುರಾದರೆ ಜಗಳವಿಲ್ಲ. ಬರಿಗಾಡಿಯವನು ಪಕ್ಕಕ್ಕೆ ಇಳಿಸುತ್ತಾನೆ, ಹೇರು ಗಾಡಿ ಮುಂದಕ್ಕೆ ಹೋಗುತ್ತೆ. ಇದಕ್ಕೆ ಯಾರೂ ಕಾನೂನು ಬರೆದಿಲ್ಲ. ರೈಲು ಹಳಿಯ ಮೇಲೆ ಮಾತ್ರ ಲೆಕ್ಕ ಬೇರೆ.

ಮೈಸೂರಿನಿಂದ ಚಾಮರಾಜನಗರಕ್ಕೆ 61 ಕಿಲೋಮೀಟರು. ಅಶೋಕಪುರಂ ದಾಟಿದ ಮೇಲೆ ಸಿಂಗಲ್ ಲೈನು. ಕಡಕೊಳ, ತಾಂಡವಪುರ, ನಂಜನಗೂಡು, ಕವಲಂದೆ, ಬದನಗುಪ್ಪೆ ಕಡೆಯ ರೈತರಿಗೆಲ್ಲ ಇದೇ ದಾರಿ. ಸಿಂಗಲ್ ಲೈನಿನಲ್ಲಿ ಎದುರಿಂದ ಗಾಡಿ ಬರುತ್ತಿದ್ದರೆ ಒಂದು ಗಾಡಿ ಸ್ಟೇಷನ್ನಿನ ಪಕ್ಕದ ಹಳಿಯಲ್ಲಿ ನಿಂತು ಕಾಯಬೇಕು. ಇದನ್ನೇ ಕ್ರಾಸಿಂಗ್ ಅನ್ನೋದು. ಎಕ್ಸ್‌ಪ್ರೆಸ್ ಬಂದರೆ ನಿಲ್ಲೋದು ಸಾಮಾನ್ಯವಾಗಿ ಪ್ಯಾಸೆಂಜರು. ಕಾಗದದ ಮೇಲೆ ಗೂಡ್ಸ್‌ಗಿಂತ ಪ್ಯಾಸೆಂಜರು ಮುಂದು. ಆದರೆ ಗೂಡ್ಸ್ ಒಂದು ಸಲ ಎದುರಿಂದ ಹೊರಟುಬಿಟ್ಟರೆ ಅದು ಬಂದು ಸೇರೋವರೆಗೂ ಕಾಯದೆ ವಿಧಿಯಿಲ್ಲ.

ಗೂಡ್ಸ್ ಗಾಡಿ ನಮ್ಮ ಶತ್ರುವಲ್ಲ. ನಾವು ಹಾಕುವ ಯೂರಿಯಾ, ಡಿಎಪಿ ವ್ಯಾಗನ್ನಿನಲ್ಲೇ ಬರೋದು. ರೈಲ್ವೆಗೆ ಹೆಚ್ಚು ಆದಾಯವೂ ಅದರಿಂದಲೇ. ಬೇಕಾಗಿರೋದು ಇಬ್ಬರಿಗೂ ಸಾಲುವಷ್ಟು ಹಳಿ.

ಅರ್ಧ ಗಂಟೆ ತಡವಾದರೆ ಏನಂತೆ ಅನ್ನಬಹುದು. ಸೊಗಡಿನ ಅವರೆಕಾಯಿ ಚೀಲ ಹೊತ್ತು ಹೊರಟವರನ್ನು ಕೇಳಿ. ಬೆಳಗಿನ ವ್ಯಾಪಾರ ಮುಗಿದ ಮೇಲೆ ಮಾರ್ಕೆಟ್ ತಲುಪಿದರೆ ಕೇಳಿದ ರೇಟಿಗೆ ಕೊಟ್ಟು ಬರಬೇಕು. 2023ರ ಜೂನ್‌ನಿಂದ ಹೆಂಗಸರಿಗೆ ಸರ್ಕಾರಿ ಬಸ್ಸು ಬಿಟ್ಟಿ. ಗಂಡಸರಿಗೆ ಈಗಲೂ ಪ್ಯಾಸೆಂಜರ್ ರೈಲೇ ಅಗ್ಗ.

ಆ ಅಗ್ಗವೂ ತಾನಾಗಿ ಉಳಿದದ್ದಲ್ಲ. 2020ರ ಮಾರ್ಚ್‌ನಲ್ಲಿ ಕೊರೊನಾದಿಂದ ನಿಂತ ಪ್ಯಾಸೆಂಜರ್ ಗಾಡಿಗಳು ಮತ್ತೆ ಬಂದಾಗ ಎಕ್ಸ್‌ಪ್ರೆಸ್ ದರ ಹೊತ್ತು ಬಂದವು. ಹಳಿ ಅದೇ, ನಿಲ್ಲುವ ಸ್ಟೇಷನ್ನೂ ಅವೇ, ಕನಿಷ್ಠ ಟಿಕೆಟ್ ಮಾತ್ರ 10 ರೂಪಾಯಿ ಹೋಗಿ 30 ಆಯಿತು. ಮತ್ತೆ 10ಕ್ಕೆ ಇಳಿದದ್ದು 2024ರ ಫೆಬ್ರವರಿ ಕೊನೆಯಲ್ಲಿ. ಆಗ ಲೋಕಸಭಾ ಚುನಾವಣೆ ಎದುರಿಗಿತ್ತು ಅನ್ನೋದನ್ನು ಮರೆಯಬೇಡಿ.

ರಾಜಕೀಯದವರು ಮನಸ್ಸು ಮಾಡಿದರೆ ಹಳಿಯೂ ಬರುತ್ತೆ. ಬೆಂಗಳೂರು–ಮೈಸೂರು ಲೈನನ್ನೇ ನೋಡಿ. ರಾಮನಗರದಿಂದ ಮೈಸೂರಿನವರೆಗೆ ಜೋಡಿ ಹಳಿ ಹಾಕಲು ಮೂರರಲ್ಲಿ ಎರಡು ಪಾಲು ಹಣವನ್ನು ರಾಜ್ಯ ಸರ್ಕಾರ ಹೊತ್ತಿತು. ಶ್ರೀರಂಗಪಟ್ಟಣದಲ್ಲಿ ಅಡ್ಡ ಇದ್ದ ಟಿಪ್ಪು ಕಾಲದ ಶಸ್ತ್ರಾಗಾರವನ್ನು 2017ರಲ್ಲಿ ಕಟ್ಟಡದ ಸಮೇತ ಪಕ್ಕಕ್ಕೆ ಸರಿಸಿದರು. 2022ರ ನವೆಂಬರ್ 11ರಂದು ವಂದೇ ಭಾರತ್‌ಗೆ ಹಸಿರು ಬಾವುಟ ಬೀಸಿದ್ದೂ ಈ ಲೈನಿಗೇ.

ಬಾವುಟ ಬೀಸುವ ಗಾಡಿ ಕೇಳೋಕೆ ಎಲ್ಲ ಪಕ್ಷದವರೂ ಮುಂದು. ಕ್ರಾಸಿಂಗಿಗೆ ಇನ್ನೊಂದು ಹಳಿ ಕೇಳುವವರು ಕಡಿಮೆ. ಯಾಕೆಂದರೆ ಅದರ ಫೋಟೋ ಪೇಪರಿನಲ್ಲಿ ಬರಲ್ಲ. ಹಳಿ ಹೆಚ್ಚಿಸದೆ ಹೊಸ ಗಾಡಿ ಬಿಟ್ಟರೆ ಇರುವ ಪ್ಯಾಸೆಂಜರು ಇನ್ನಷ್ಟು ಹೊತ್ತು ನಿಲ್ಲಬೇಕಾಗುತ್ತೆ, ಅಷ್ಟೇ.

ಆದ್ದರಿಂದ ಗ್ರಾಮಸಭೆಯಲ್ಲಿ, ರೈತ ಸಂಘದಲ್ಲಿ ಎರಡೇ ಮಾತು ಬರೆದು ಎಂಎಲ್‌ಎಗೂ ಎಂಪಿಗೂ ಕೊಡೋಣ. ಒಂದು, ಚಾಮರಾಜನಗರ ಲೈನಿಗೆ ಜೋಡಿ ಹಳಿ, ಅದು ಆಗೋವರೆಗೆ ಬೇಕಾದ ಕಡೆ ಕ್ರಾಸಿಂಗ್ ಹಳಿ. ಎರಡು, ಬೆಳಗಿನ ಮಾರ್ಕೆಟ್ ಹೊತ್ತಿನ ಪ್ಯಾಸೆಂಜರನ್ನು ತಡೆಯದ ವೇಳಾಪಟ್ಟಿ. ನಾವೂ ತಪ್ಪದೆ ಟಿಕೆಟ್ ತಗೊಳ್ಳೋಣ. ಟಿಕೆಟ್ ಇಲ್ಲದೆ ಹತ್ತಿದವನು ರೈಲ್ವೆ ಲೆಕ್ಕದಲ್ಲಿ ಇಲ್ಲವೇ ಇಲ್ಲ.

ನಂಜನಗೂಡಿನಲ್ಲಿ ಕಪಿಲಾ ಹೊಳೆಗೆ 1735ರಲ್ಲಿ ದಳವಾಯಿ ದೇವರಾಜ ಕಟ್ಟಿಸಿದ ಕಲ್ಲಿನ ಸೇತುವೆ ಇದೆ. ಮೀಟರ್ ಗೇಜ್ ಕಾಲದಲ್ಲಿ ರೈಲೂ ರಸ್ತೆ ಗಾಡಿಗಳೂ ಅದರ ಮೇಲೇ ದಾಟುತ್ತಿದ್ದವು. ಅಷ್ಟು ಕಿರಿದು ಜಾಗದಲ್ಲೇ ಹಂಚಿಕೊಂಡು ಹೋದ ಊರು ನಮ್ಮದು. ಈಗ ಕೇಳುತ್ತಿರೋದೂ ಪಾಲನ್ನೇ, ಭಿಕ್ಷೆಯನ್ನಲ್ಲ.