ನಂಬರ್ ಒಂದನ್ನೇ ನಂಬಬೇಡಿ

ಬಾಗಲಕೋಟೆ, ಬಾದಾಮಿ, ಹುನಗುಂದ, ಇಳಕಲ್ ಸೀಮೆಯಲ್ಲಿ ಹಳೆಯ ಜೀಪು ಅಥವಾ ಅಂಬಾಸಿಡರ್ ಮಾರಾಟಕ್ಕೆ ಬಂದರೆ ಒಂದು ಮಾತು ಕೇಳಿಬರುವುದು ಸಹಜ: ‘ಇಂಜಿನ್ ಕಂಪನಿದೇ ಐತ್ರಿ, ಬೇಕಾದ್ರ ಆರ್.ಸಿ. ಬುಕ್ ಹಿಡಿದು ನಂಬರ್ ನೋಡ್ಕೋರಿ.’ ಕೊಳ್ಳುವವರು ನೋಡುತ್ತಾರೆ, ನಂಬರ್ ಹೊಂದುತ್ತದೆ, ವ್ಯವಹಾರ ಕುದುರುತ್ತದೆ. ಆದರೆ ನಂಬರ್ ಹೊಂದಿದ ಮಾತ್ರಕ್ಕೆ ಅದು ಕಾರ್ಖಾನೆಯಿಂದ ಆ ಗಾಡಿಯಲ್ಲೇ ಬಂದ ಇಂಜಿನ್ ಎಂದಾಗುವುದಿಲ್ಲ. ಪುಸ್ತಕದಲ್ಲಿ ಬರೆದದ್ದೂ ಬ್ಲಾಕಿನ ಮೇಲೆ ಇರುವುದೂ ಈ ಹೊತ್ತು ಒಂದೇ ಎಂಬುದಷ್ಟೇ ಅದರಿಂದ ಗೊತ್ತಾಗುವುದು. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಮಿನ ಪ್ರಕಾರ ಗಾಡಿಯ ಇಂಜಿನ್ ಬದಲಿಸಿದವರು 14 ದಿನದೊಳಗೆ ನೋಂದಣಿ ಕಚೇರಿಗೆ ತಿಳಿಸಬೇಕು, ಬದಲಾವಣೆ ಆರ್.ಸಿ.ಯಲ್ಲಿ ದಾಖಲಾಗಬೇಕು. ಹಾಗಾಗಿ ಮೂವತ್ತು ವರ್ಷದ ಹಿಂದೆ ಕಾನೂನು ಪಾಲಿಸಿ ಇಂಜಿನ್ ಬದಲಿಸಿದವರ ಗಾಡಿಯಲ್ಲೂ ಇವತ್ತು ನಂಬರ್ ಸರಿಯಾಗಿಯೇ ಹೊಂದುತ್ತದೆ. ಅದೇ, ಗುಮಾಸ್ತರ ಕೈಯಲ್ಲಿ ಸೊನ್ನೆ ‘ಓ’ ಆಗಿದ್ದರೆ ಅಸಲಿ ಇಂಜಿನ್ನೇ ನಕಲಿಯಂತೆ ಕಾಣುತ್ತದೆ.

ನಮ್ಮ ಜಿಲ್ಲೆಯ ಹಳೆಯ ಗಾಡಿಗಳ ಕಾಗದಪತ್ರಗಳಿಗೆ ಇನ್ನೊಂದು ತೊಡಕೂ ಇದೆ. ಬಾಗಲಕೋಟೆ ಪ್ರತ್ಯೇಕ ಜಿಲ್ಲೆಯಾದದ್ದು 1997ರಲ್ಲಿ. ಅಲ್ಲಿಯವರೆಗೆ ಇದು ವಿಜಾಪುರ ಜಿಲ್ಲೆಯ ಭಾಗ. 1956ರ ನವೆಂಬರ್‌ಗಿಂತ ಮುಂಚೆ ಈ ಸೀಮೆ ಮುಂಬಯಿ ರಾಜ್ಯಕ್ಕೆ ಸೇರಿತ್ತು. ಜಮಖಂಡಿ, ಮುಧೋಳ ಅದಕ್ಕೂ ಹಿಂದೆ ಸಂಸ್ಥಾನಗಳಾಗಿದ್ದವು. ಹೀಗಾಗಿ ಐವತ್ತರ ದಶಕದ ಗಾಡಿಯೊಂದು ಊರು ಬಿಡದೆಯೇ ಎರಡು ಮೂರು ಆಡಳಿತಗಳ ದಫ್ತರು ದಾಟಿ ಬಂದಿರುತ್ತದೆ. ಪ್ರತಿ ಸಲ ಪುಸ್ತಕ ನಕಲಾದಾಗಲೂ ತಪ್ಪು ನುಸುಳಲು ಜಾಗವಿದೆ. ಆಲಮಟ್ಟಿ ಹಿನ್ನೀರಿನಿಂದ ಹಳೆ ಬಾಗಲಕೋಟೆಯ ಮನೆಗಳು ಮುಳುಗಡೆಯಾಗಿ ಜನ ನವನಗರಕ್ಕೆ ಬಂದರು. ಅಂಥ ಸ್ಥಳಾಂತರದಲ್ಲಿ ಹಳೆಯ ಕಾಗದ ಕಳೆದುಹೋಗುವುದು ಸುಲಭ. ಇಂಗ್ಲೆಂಡಿನಲ್ಲಿ ತಯಾರಾದ ಹಲವು ಹಳೆಯ ಕಾರುಗಳಿಗೆ ಗೇಡನ್‌ನ ಬ್ರಿಟಿಷ್ ಮೋಟಾರ್ ಮ್ಯೂಸಿಯಂ ಕಾರ್ಖಾನೆಯ ದಫ್ತರು ನೋಡಿ ಪ್ರಮಾಣಪತ್ರ ಕೊಡುತ್ತದೆ. ಮೂಲ ಇಂಜಿನ್ ನಂಬರ್ ಅದರಲ್ಲಿ ಸಿಗುತ್ತದೆ. ನಮ್ಮಲ್ಲಿ ಓಡಾಡಿದ ಜೀಪಿಗೆ, ಅಂಬಾಸಿಡರ್‌ಗೆ ಮೊದಲ ಮಾರಾಟದ ಬಿಲ್ಲು ಮತ್ತು ಮೊಟ್ಟಮೊದಲ ಆರ್.ಸಿ. ಪುಸ್ತಕವೇ ಆ ಕೆಲಸ ಮಾಡಬೇಕು. ಈಗಿನ ಸ್ಮಾರ್ಟ್ ಕಾರ್ಡ್ ಆ ಜಾಗಕ್ಕೆ ಬರಲಾರದು.

ಆದ್ದರಿಂದ ಕಾಗದಕ್ಕಿಂತ ಮೊದಲು ಕಬ್ಬಿಣವನ್ನು ಓದಬೇಕು, ನಂಬರಿಗಿಂತ ಮೊದಲು ಇಂಜಿನ್ನಿನ ಜಾತಿಯನ್ನು ಗುರುತಿಸಬೇಕು ಎಂಬುದು ನನ್ನ ವಾದ. ಅಂಬಾಸಿಡರ್ ಉದಾಹರಣೆ ನೋಡಿ. ಐವತ್ತರ ದಶಕದ ಕೊನೆಯಲ್ಲಿ ಬಂದ ಮೊದಮೊದಲ ಗಾಡಿಗಳಲ್ಲಿ 1476 ಸಿ.ಸಿ.ಯ ಸೈಡ್ ವಾಲ್ವ್ ಇಂಜಿನ್ ಇತ್ತು. 1959ರಿಂದ 1489 ಸಿ.ಸಿ.ಯ ಓವರ್‌ಹೆಡ್ ವಾಲ್ವ್ ಇಂಜಿನ್ ಬಂತು. ಸೈಡ್ ವಾಲ್ವ್ ಇಂಜಿನ್ನಿನ ಹೆಡ್ ಚಪ್ಪಟೆ. ಮೇಲೆ ವಾಲ್ವುಗಳನ್ನು ಮುಚ್ಚುವ ಉದ್ದನೆಯ ತಗಡಿನ ಕವರ್ ಇರುವುದಿಲ್ಲ. 1958ರ ಗಾಡಿಯ ಬಾನೆಟ್ ಎತ್ತಿದಾಗ ಆ ಕವರ್ ಕಂಡರೆ ನಂಬರ್ ಏನೇ ಹೇಳಲಿ, ಇಂಜಿನ್ ಆಮೇಲೆ ಬಂದದ್ದು. ಎಪ್ಪತ್ತರ ದಶಕದ ಅಂಬಾಸಿಡರ್‌ನಲ್ಲಿ ಇಸುಜು ಪೆಟ್ರೋಲ್ ಇಂಜಿನ್ ಕೂತಿದ್ದರೂ ಅದೇ ತೀರ್ಪು. ಅದು ಆ ಕಾರಿಗೆ ಬಂದದ್ದು ತೊಂಬತ್ತರ ದಶಕದಲ್ಲಿ. ಜೀಪಿನಲ್ಲಂತೂ ಬಾನೆಟ್ಟಿನ ಎತ್ತರವೇ ಸಾಕ್ಷಿ ಹೇಳುತ್ತದೆ. ಎರಡನೇ ಮಹಾಯುದ್ಧದ ವಿಲ್ಲೀಸ್ ಜೀಪಿನದು ತಗ್ಗು ಬಾನೆಟ್, ಸೈಡ್ ವಾಲ್ವ್ ಇಂಜಿನ್. 1953ರಲ್ಲಿ ಬಂದ ಸಿ.ಜೆ. 3ಬಿ ಮಾದರಿಯಲ್ಲಿ ಇನ್‌ಟೇಕ್ ವಾಲ್ವ್ ಹೆಡ್ಡಿಗೆ ಏರಿತು, ಇಂಜಿನ್ ಎತ್ತರವಾಯಿತು, ಅದಕ್ಕಾಗಿಯೇ ಬಾನೆಟ್ ಎತ್ತಬೇಕಾಯಿತು. ಮಹೀಂದ್ರಾ ವರ್ಷಗಟ್ಟಲೆ ತಯಾರಿಸಿದ್ದು ಈ ಎತ್ತರದ ಬಾನೆಟ್ಟಿನ ಜೀಪನ್ನೇ. ತಗ್ಗು ಬಾನೆಟ್ಟಿನ ಹಳೆಯ ಜೀಪಿಗೆ ಆ ಎತ್ತರದ ಇಂಜಿನ್ ಕೂರಿಸಲು ಹೋದವರು ತಗಡು ಕತ್ತರಿಸಿದ ಗುರುತು ಉಳಿದೇ ಇರುತ್ತದೆ.

ಪೆಟ್ರೋಲ್ ಜೀಪಿಗೆ ಡೀಸೆಲ್ ಇಂಜಿನ್ ಹಾಕಿಸಿದ್ದರೆ ಹುಡುಕುವುದು ಇನ್ನೂ ಸುಲಭ. ಇಳಕಲ್ ಸೀರೆಯ ಸೆರಗು ಒಡಲಿಗೆ ಕೂಡುವ ಕೊಂಡಿಯನ್ನು ತಿಳಿದವರು ತಿರುವಿ ನೋಡುವಂತೆ ಇಲ್ಲಿಯೂ ಕೂಡುವ ಜಾಗವನ್ನೇ ನೋಡಬೇಕು. ಇಂಜಿನ್ ಕೂರುವ ಬ್ರಾಕೆಟ್ಟು ಚಾಸಿಗೆ ಕಾರ್ಖಾನೆಯ ರಿವೆಟ್ಟಿನಿಂದ ಹತ್ತಿದೆಯೋ, ಊರಿನ ವೆಲ್ಡಿಂಗಿನಿಂದಲೋ? ಇಂಜಿನ್ನಿಗೂ ಗೇರ್ ಬಾಕ್ಸಿಗೂ ನಡುವೆ ದಪ್ಪನೆಯ ಪ್ಲೇಟ್ ಸೇರಿಸಿದ್ದಾರೆಯೇ? ರೇಡಿಯೇಟರ್ ಮುಂದೆ ಸರಿದಿದೆಯೇ? ಇಂಜಿನ್ ಹಿಂದಿನ ತಗಡಿನಲ್ಲಿ ಈಗ ಯಾವ ವೈರೂ ಹಾಯದ ಹಳೆಯ ತೂತುಗಳು ಉಳಿದಿವೆಯೇ? ಇವನ್ನೆಲ್ಲ ಮುಚ್ಚಿಹಾಕುವುದು ನಂಬರ್ ಹೊಡೆಯುವುದಕ್ಕಿಂತ ಎಷ್ಟೋ ಪಾಲು ಕಷ್ಟದ ಕೆಲಸ.

ಇಷ್ಟಾದ ಮೇಲೆ ನಂಬರಿಗೆ ಬರಬಹುದು. ಗ್ರೀಸು, ಎಣ್ಣೆಜಿಡ್ಡನ್ನು ಸೀಮೆಎಣ್ಣೆ, ಬಟ್ಟೆಯಿಂದ ಒರೆಸಿ, ಬ್ಯಾಟರಿ ಬೆಳಕನ್ನು ಪಕ್ಕದಿಂದ ಓರೆಯಾಗಿ ಬಿಡಬೇಕು. ಅಕ್ಷರದ ಸುತ್ತಲ ಮೈಯಲ್ಲಿ ಕಾರ್ಖಾನೆಯ ಯಂತ್ರ ಎಳೆದ ಸಣ್ಣ ಗೆರೆಗಳು ಒಂದೇ ದಿಕ್ಕಿಗೆ ಹಾಯ್ದಿದ್ದರೆ ಒಳ್ಳೆಯ ಲಕ್ಷಣ. ಆ ಜಾಗ ಮಾತ್ರ ಅಕ್ಕಪಕ್ಕಕ್ಕಿಂತ ತಗ್ಗಾಗಿ, ಗ್ರೈಂಡರ್ ಉಜ್ಜಿದಂತೆ ನುಣುಪಾಗಿದ್ದರೆ ಅನುಮಾನಿಸಬೇಕು. ನಂಬರ್ ಪ್ರತ್ಯೇಕ ತಗಡಿನ ಮೇಲಿದ್ದರೆ ಅದರ ರಿವೆಟ್ಟುಗಳನ್ನು ನೋಡಬೇಕು. ತಗಡು ಒಂದು ಬ್ಲಾಕಿನಿಂದ ಇನ್ನೊಂದಕ್ಕೆ ಹೋಗಬಲ್ಲದು. ಬ್ಲಾಕಿನ ಮೈಮೇಲೆ ಎರಕದಲ್ಲೇ ಮೂಡಿದ ಅಂಕಿಗಳಿರುತ್ತವೆ. ಎಷ್ಟೋ ಕಂಪನಿಗಳ ಬ್ಲಾಕಿನಲ್ಲಿ ಎರಕದ ತಾರೀಖೂ ಅಲ್ಲಿಯೇ ಇರುತ್ತದೆ. ಪಂಚ್ ಹೊಡೆದ ನಂಬರನ್ನು ಉಜ್ಜಿ ತೆಗೆಯಬಹುದು, ಎರಕದ ಉಬ್ಬಕ್ಷರವನ್ನು ಹೊಸದಾಗಿ ಮೂಡಿಸುವುದು ಗ್ಯಾರೇಜಿನಲ್ಲಿ ಆಗದ ಮಾತು. ಗಾಡಿ ತಯಾರಾದ ದಿನಕ್ಕಿಂತ ಈಚಿನ ತಾರೀಖು ಎರಕದಲ್ಲಿದ್ದರೆ ವಾದ ಅಲ್ಲಿಗೇ ಮುಗಿಯಿತು. ಚಾಸಿ ನಂಬರೂ ಇಂಜಿನ್ ನಂಬರೂ ಒಂದೇ ಆಗಿರಬೇಕೆಂಬುದು ಮಾತ್ರ ತಪ್ಪು ತಿಳಿವಳಿಕೆ: ಯುದ್ಧಕಾಲದ ಫೋರ್ಡ್ ಜೀಪಿನಲ್ಲಿ ಎರಡೂ ಒಂದೇ ಇದ್ದವು, ಅದೇ ಕಾಲದ ವಿಲ್ಲೀಸ್ ಜೀಪಿನಲ್ಲಿ ಕಾರ್ಖಾನೆಯಿಂದಲೇ ಬೇರೆ ಬೇರೆ.

ಇದಕ್ಕೆ ಬರುವ ಗಟ್ಟಿ ಆಕ್ಷೇಪಣೆ ದುಡಿಯುವ ಜನರದು. ಎರೆಹೊಲದ ದಾರಿಯಲ್ಲಿ, ಕಲ್ಲು ಗಣಿಯ ಧೂಳಿನಲ್ಲಿ ದುಡಿದ ಗಾಡಿಯ ಇಂಜಿನ್ ಸವೆಯದೆ ಇರುತ್ತದೆಯೇ? ಬದಲಿಸಿದ್ದು ತಪ್ಪೇ? ಖಂಡಿತ ತಪ್ಪಲ್ಲ. ಬೋರ್ ಹೊಡೆಸಿ, ಸ್ಲೀವ್ ಹಾಕಿ, ಪಿಸ್ಟನ್ ಬದಲಿಸಿದರೆ ಬ್ಲಾಕ್ ಅದೇ ಉಳಿದಿರುವುದರಿಂದ ಅದನ್ನು ಮೂಲ ಇಂಜಿನ್ ಎಂದೇ ಕರೆಯಬೇಕು. ಬ್ಲಾಕೇ ಸೀಳಿ ಬೇರೆಯದನ್ನು ಹಾಕಿದ್ದರೆ ಅದು ಆ ಗಾಡಿಯ ಬದುಕಿನ ಸತ್ಯ, ಹಾಗೆಂದೇ ಹೇಳಿ ಮಾರಬಹುದು. ನನ್ನ ತಕರಾರು ಇರುವುದು ಬದಲಿ ಇಂಜಿನ್ನಿನ ನಂಬರ್ ಉಜ್ಜಿ ಹಳೆಯ ನಂಬರ್ ಹೊಡೆಯುವುದರ ಮೇಲೆ. ಅದರಿಂದ ಎರಡು ಇಂಜಿನ್ನುಗಳ ಚರಿತ್ರೆ ಒಟ್ಟಿಗೇ ಅಳಿಯುತ್ತದೆ.

ಧರ್ಮಸ್ಥಳದ ಮಂಜೂಷಾ ವಸ್ತುಸಂಗ್ರಹಾಲಯದ ಹಳೆಯ ಕಾರುಗಳ ಸಂಗ್ರಹದಂಥ ಕಡೆ ಇಂಥ ಚರ್ಚೆ ಸರಿ, ನಮ್ಮ ಹುನಗುಂದದಲ್ಲಿ ಯಾರಿಗೆ ಬೇಕು ಎನ್ನುವವರೂ ಇದ್ದಾರೆ. 2021ರ ಕೇಂದ್ರ ನಿಯಮಗಳ ನಂತರ ಆ ಮಾತು ನಿಲ್ಲದು. 50 ವರ್ಷ ದಾಟಿದ, ಮೂಲ ರೂಪದಲ್ಲೇ ಉಳಿದ, ಭಾರಿ ಮಾರ್ಪಾಡು ಕಾಣದ ಗಾಡಿಗೆ ವಿಂಟೇಜ್ ನೋಂದಣಿ ಸಿಗುತ್ತದೆ. ಹೊಸ ನೋಂದಣಿಗೆ ಶುಲ್ಕ 20,000 ರೂಪಾಯಿ, ಅವಧಿ 10 ವರ್ಷ. ಮೊದಲೇ ನೋಂದಣಿಯಾದ ಗಾಡಿ ತನ್ನ ಹಳೆಯ ನಂಬರನ್ನೇ ಉಳಿಸಿಕೊಳ್ಳಬಹುದು. 1975ರ ಒಂದು ಜೀಪು ಬಾದಾಮಿಯ ಹಿತ್ತಲಲ್ಲಿ ನಿಂತಿದ್ದರೂ ಈಗ ಆ ವಯಸ್ಸಿನದೇ. ಅದರ ಇಂಜಿನ್ ಯಾವುದು ಎಂಬುದು ಮಾಲೀಕರ ಹಣದ ಪ್ರಶ್ನೆಯೂ ಹೌದು.

ಮನೆಯಲ್ಲಿ ಅಂಥ ಗಾಡಿ ಇದ್ದವರು ಮಿಸ್ತ್ರಿಗೆ ಒಪ್ಪಿಸುವ ಮುನ್ನ ಇಂಜಿನ್, ಚಾಸಿ ನಂಬರುಗಳನ್ನೂ ಎರಕದ ಅಂಕಿಗಳನ್ನೂ ಫೋಟೊ ತೆಗೆದಿಡಿ. ಮೊದಲ ಆರ್.ಸಿ. ಪುಸ್ತಕ ಹರಿದಿದ್ದರೂ ಎಸೆಯಬೇಡಿ. ಇಂಜಿನ್ ಬದಲಿಸಲೇಬೇಕಾದರೆ ಆರ್.ಟಿ.ಓ. ಕಚೇರಿಯಲ್ಲಿ ದಾಖಲು ಮಾಡಿಸಿ, ಬಿಚ್ಚಿದ ಹಳೆಯ ಬ್ಲಾಕನ್ನು ಮಾತ್ರ ಗುಜರಿಗೆ ಹಾಕದೆ ಗಾಡಿಯ ಜೊತೆಗೇ ಇಟ್ಟುಕೊಳ್ಳಿ.