ಕಾರಿನ ಸಬ್‌ವೂಫರ್: ಮಾರಾಟಕ್ಕೆ ಮೊದಲು ತಪಾಸಣೆ

ಮೈಸೂರು ನಗರದ ಕಾರು ಪರಿಕರ ಮಳಿಗೆಗಳಿಗೆ ಬರುವ ದೂರುಗಳಲ್ಲಿ ಸಬ್‌ವೂಫರ್‌ನ ಕ್ಷೀಣ ಧ್ವನಿಯೂ ಒಂದು. ಆಗ ಹೊಸ ಆಂಪ್ಲಿಫೈಯರ್ ಮಾರುವುದು ಸುಲಭ. ಆದರೆ ದೋಷವು ತಂತಿಯಲ್ಲಿದ್ದರೆ ಗ್ರಾಹಕರ ಹಣವೂ ವರ್ತಕರ ಹೆಸರೂ ಒಟ್ಟಿಗೆ ಹಾಳಾಗುತ್ತವೆ.

500 ವ್ಯಾಟ್ ನೈಜ ಸಾಮರ್ಥ್ಯದ ಆಂಪ್ಲಿಫೈಯರ್, ಶೇ. 80ರ ದಕ್ಷತೆಯಲ್ಲಿ, ಪೂರ್ಣ ಶಕ್ತಿಯಿಂದ ನುಡಿಯುವಾಗ 12 ವೋಲ್ಟ್ ಬ್ಯಾಟರಿಯಿಂದ ಸುಮಾರು 52 ಆಂಪಿಯರ್ ಸೆಳೆಯುತ್ತದೆ. ತೆಳುವಾದ ತಂತಿಯಾಗಲಿ, ಬಾಡಿಯ ಬಣ್ಣ ಕೆರೆಯದೆ ಬಿಗಿದ ಅರ್ಥಿಂಗ್ ಆಗಲಿ ಇದನ್ನು ತಾಳಲಾರದು. ಆದ್ದರಿಂದ ಸಂಗೀತವು ಜೋರಾಗಿ ನುಡಿಯುತ್ತಿರುವಾಗಲೇ ಬ್ಯಾಟರಿಯ ಬಳಿಯೂ ಆಂಪ್ಲಿಫೈಯರ್‌ನ ಬಳಿಯೂ ಮಲ್ಟಿಮೀಟರ್‌ನಿಂದ ವೋಲ್ಟೇಜ್ ಅಳೆಯಬೇಕು. ಅಂತರವು ಅರ್ಧ ವೋಲ್ಟ್ ಮೀರಿದರೆ ತಂತಿ, ಫ್ಯೂಸ್ ಹೋಲ್ಡರ್ ಹಾಗೂ ಅರ್ಥಿಂಗ್‌ಗಳನ್ನು ಮೊದಲು ಸರಿಪಡಿಸಬೇಕು.

ಅಂತರವು ಅಲ್ಪವಾಗಿದ್ದರೆ ಸ್ಪೀಕರ್ ಸಂಪರ್ಕವನ್ನು ನೋಡಬೇಕು. ಎರಡು ಸಬ್‌ವೂಫರ್‌ಗಳ ಪೈಕಿ ಒಂದರ ಧನ-ಋಣ ತಂತಿಗಳು ಅದಲುಬದಲಾದರೆ ಒಂದರ ಮಂದ್ರಧ್ವನಿಯನ್ನು ಇನ್ನೊಂದು ಅಳಿಸಿಹಾಕುತ್ತದೆ. ಗೇನ್ ನಿಯಂತ್ರಕವನ್ನು ಸ್ಟೀರಿಯೋದ ಸಂಕೇತಕ್ಕೆ ಹೊಂದಿಸಬೇಕು. ಅದು ಧ್ವನಿ ಹೆಚ್ಚಿಸುವ ಗುಂಡಿಯಲ್ಲ.

ಗ್ರಾಹಕ ಸಂರಕ್ಷಣಾ ಕಾಯ್ದೆ, 2019ರ ವ್ಯಾಪ್ತಿಗೆ ಸೇವಾ ನ್ಯೂನತೆಯೂ ಸೇರಿದೆ. ಅಳತೆಗಳನ್ನು ಬಿಲ್ಲಿನ ಮೇಲೆ ಬರೆದುಕೊಡುವ ಪದ್ಧತಿಯು ವಿವಾದವನ್ನು ತಪ್ಪಿಸಿ, ಅದೇ ಗ್ರಾಹಕರನ್ನು ಮತ್ತೆ ಮಳಿಗೆಗೆ ಕರೆತರಬಲ್ಲದು.