ರನ್ ಮಾಡ್ಬಹುದಾ ಅಂತ ಯಾರು ಕೇಳ್ಬೇಕು?

ನಿಟ್ಟುವಳ್ಳಿಯ ರೂಮಲ್ಲೇ ಕೂತು ಲಿನಕ್ಸ್‌ನಲ್ಲಿ ಇದನ್ನ ಟ್ರೈ ಮಾಡಿ. ಒಂದು ಪೈಥಾನ್ ಸ್ಕ್ರಿಪ್ಟ್ ಬರೆದು, ಅದರ ಎಕ್ಸಿಕ್ಯೂಟ್ ಪರ್ಮಿಷನ್ ತೆಗೆದುಹಾಕಿ. ಫೈಲನ್ನು ನೇರವಾಗಿ ರನ್ ಮಾಡಿದರೆ ‘ಪರ್ಮಿಷನ್ ಡಿನೈಡ್’ ಅನ್ನುತ್ತೆ. ಫೈಲ್ ಹೆಸರಿಗೆ ಮೊದಲು ‘ಪೈಥಾನ್3’ ಅಂತ ಸೇರಿಸಿ ನೋಡಿ, ಆರಾಮಾಗಿ ಓಡುತ್ತೆ!

ಯಾಕೆ? ಎರಡನೇ ಸಲ ಕರ್ನಲ್ ಕಣ್ಣಿಗೆ ರನ್ ಆಗ್ತಿರೋದು ಪೈಥಾನ್ ಇಂಟರ್‌ಪ್ರಿಟರ್ ಮಾತ್ರ. ನಮ್ಮ ಸ್ಕ್ರಿಪ್ಟ್ ಅದು ಓದುವ ಒಂದು ಫೈಲ್ ಅಷ್ಟೇ. ಹಾಗಾಗಿ ಪೆನ್‌ಡ್ರೈವನ್ನು ‘ನೋಎಕ್ಸೆಕ್’ ಅಂತ ಮೌಂಟ್ ಮಾಡಿದರೂ ಅದರೊಳಗಿನ ಕೆಟ್ಟ ಸ್ಕ್ರಿಪ್ಟ್ ಇದೇ ದಾರಿಯಲ್ಲಿ ನುಸುಳಬಹುದು.

ಇದನ್ನು ಮುಚ್ಚಲು ಮಿಕಾಯೆಲ್ ಸಲಾಯೂನ್ 2018ರಲ್ಲಿ ಶುರು ಮಾಡಿದ ಕೆಲಸ, 2025ರ ಮಾರ್ಚ್‌ನಲ್ಲಿ ಲಿನಕ್ಸ್ 6.14ರ ಜೊತೆ ಬಂತು. ‘ಎಟಿ_ಎಕ್ಸೆಕ್‌ವಿಇ_ಚೆಕ್’ ಎಂಬ ಫ್ಲಾಗ್ ಹಾಕಿ ಇಂಟರ್‌ಪ್ರಿಟರ್, “ಈ ಫೈಲನ್ನು ರನ್ ಮಾಡ್ಬಹುದಾ?” ಅಂತ ಕರ್ನಲನ್ನು ಕೇಳುತ್ತೆ. ಕರ್ನಲ್ ಫೈಲನ್ನು ರನ್ ಮಾಡಲ್ಲ, ಪರ್ಮಿಷನ್ ಮತ್ತು ಮೌಂಟ್ ನೋಡಿ ಉತ್ತರ ಮಾತ್ರ ಕೊಡುತ್ತೆ.

ಜೊತೆಗೆ ಪ್ರತಿ ಪ್ರೋಸೆಸ್‌ಗೆ ಎರಡು ಹೊಸ ಬಿಟ್‌ಗಳಿವೆ. ಒಂದರ ಅರ್ಥ, ಚೆಕ್ ಪಾಸಾಗದ ಫೈಲ್ ರನ್ ಮಾಡಬೇಡ. ಇನ್ನೊಂದರ ಅರ್ಥ, ಕೀಬೋರ್ಡ್‌ನಿಂದ ಅಥವಾ ಕಮಾಂಡ್ ಲೈನ್‌ನಿಂದ ನೇರ ಬರೋ ಕೋಡ್ ತಗೋಬೇಡ. ಡೀಫಾಲ್ಟ್ ಆಗಿ ಎರಡೂ ಆಫ್, ಹಳೇ ಸ್ಕ್ರಿಪ್ಟ್‌ಗಳು ಕೆಡಬಾರದಲ್ಲ!

ಇಂಟರ್‌ಪ್ರಿಟರ್ ಕೇಳದೇ ಹೋದರೆ? ಕರ್ನಲ್ ಏನೂ ಮಾಡಕ್ಕಾಗಲ್ಲ. ಅದಕ್ಕೇ ಪೈಥಾನ್, ಬ್ಯಾಶ್‌ನಂಥವುಗಳ ಕೋಡೂ ಬದಲಾಗಬೇಕು. ಕಳ್ಳ ತನ್ನದೇ ಇಂಟರ್‌ಪ್ರಿಟರ್ ತಂದರೆ? ಅದು ಬೈನರಿ, ನೋಎಕ್ಸೆಕ್ ಪೆನ್‌ಡ್ರೈವ್‌ನಿಂದ ಅದನ್ನು ಕರ್ನಲ್ಲೇ ಓಡೋಕೆ ಬಿಡಲ್ಲ. ಅಂದರೆ ಬೈನರಿಗೆ ಕಾವಲು ಕರ್ನಲ್, ಸ್ಕ್ರಿಪ್ಟ್‌ಗೆ ಕಾವಲು ಇಂಟರ್‌ಪ್ರಿಟರ್. ನಾಳೆ ನೀವೇ ಒಂದು ಪುಟ್ಟ ಇಂಟರ್‌ಪ್ರಿಟರ್ ಬರೆದರೆ, ಕೇಳೋ ಜವಾಬ್ದಾರಿ ನಿಮ್ಮದು.